ಮುಂದೆ ದಾರಿ ಇಲ್ಲೆ

ಹೊರಡುವ ಮೊದಲು

ಜಪಾನಿಗೆ ಹೋಗಿ ಏನು ನೋಡಿದಿರಿ ಎಂದು ಕೇಳಿದವರಿಗೆಲ್ಲ ಒಂದು ಹಗ್ಗ ನೋಡಿ ಬಂದೆ ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ನಿಜಕ್ಕೂ ನೋಡಿದ್ದು ಹಗ್ಗವನ್ನೇ. ಹಳದಿ ಕಪ್ಪು ಪಟ್ಟೆಯದು, ಎರಡು ಗೂಟಗಳ ನಡುವೆ ಮೊಣಕಾಲೆತ್ತರಕ್ಕೆ ಕಟ್ಟಿದ್ದು. ಅದನ್ನು ದಾಟುವುದು ನಮ್ಮೂರಿನ ಕರುವಿಗೂ ಕಷ್ಟವಲ್ಲ. ಆದರೆ ಅದರ ಆಚೆ ಒಬ್ಬನೇ ಒಬ್ಬ ಮನುಷ್ಯನೂ ಇರಲಿಲ್ಲ. ಆ ದೇಶದ ಬಗ್ಗೆ ನನಗೆ ಮೊದಲು ಭಯ ಹುಟ್ಟಿದ್ದು ಆಗಲೇ.

ಹೋದ ಕಾರಣ ಹೇಳಬೇಕು. ಬಹಳ ವರ್ಷಗಳ ಕೆಳಗೆ ಸಿದ್ದಾಪುರ ತಾಲ್ಲೂಕಿನ ಜೌಗು ಕಾಡುಗಳಲ್ಲಿ ಕಪ್ಪೆಗಳ ಅಭ್ಯಾಸ ಮಾಡಲು ಹರುಕೊ ಎಂಬ ಜಪಾನಿ ಹುಡುಗಿ ಬಂದಿದ್ದಳು. ಕಾನಸೂರಿನ ನಮ್ಮ ಮನೆಯ ಮೆತ್ತಿನ ಮೇಲೆ, ಮಹಡಿಯ ಕೋಣೆಯಲ್ಲಿ, ಎರಡು ವರ್ಷ ಇದ್ದಳು. "ಮನೆಗೆ ಬಂದ ಕೂಸಿಗೆ ಹರುಕು ಹೇಳಿ ಕರೆಯಲೆ ಯನ್ನ ಬಾಯಿ ಬತ್ತಿಲ್ಲೆ" ಎಂದು ನನ್ನ ಅಮ್ಮ ಮೊದಲ ದಿನವೇ ಅವಳಿಗೆ ಹರಿಣಿ ಎಂದು ಹೆಸರಿಟ್ಟುಬಿಟ್ಟಳು. ಕನ್ನಡವನ್ನೂ ಅಮ್ಮನೇ ಕಲಿಸಿದಳು. ಅಂದರೆ ಪುಸ್ತಕದ ಕನ್ನಡವಲ್ಲ, ನಮ್ಮ ಮನೆಮಾತು. ಇವತ್ತಿಗೂ ಹರಿಣಿಗೆ 'ನಾನು' ಬಾರದು, 'ಆನು' ಬರುತ್ತದೆ. ಹೆಂಗಸರಿಗೆ 'ಅವಳು' ಬಾರದು, 'ಅದು' ಬರುತ್ತದೆ. 'ಇಲ್ಲ' ಬಾರದು, 'ಇಲ್ಲೆ' ಬರುತ್ತದೆ.

ಅವಳನ್ನು ಕಾಡಿಗೆ ಕರೆದೊಯ್ಯುತ್ತಿದ್ದದ್ದು ಬನವಾಸಿಯ ಬಸಣ್ಣನ ಜೀಪು. ಬಸಣ್ಣನ ಹೆಂಡತಿ ಶಾಂತಕ್ಕ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು, ಭಾನುವಾರ ಹರಿಣಿಯನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸಿ ರೊಟ್ಟಿ ಎಣಗಾಯಿ ಬಡಿಸುತ್ತಿದ್ದರು. ತನ್ನ ದೇಶದ ಬೆಟ್ಟದ ಜೌಗಿನಲ್ಲಿ ಹಿಮ ಕರಗಿದ ಕೂಡಲೇ ಸಾವಿರಗಟ್ಟಲೆ ಬಿಳಿ ಹೂ ಏಳುತ್ತವೆ ಎಂದು ಹರಿಣಿ ಒಮ್ಮೆ ರೊಟ್ಟಿ ಮುರಿಯುತ್ತ ಹೇಳಿದ್ದಳು. ಶಾಂತಕ್ಕ ಅದನ್ನು ಮರೆಯಲಿಲ್ಲ. ನಿವೃತ್ತಿಯಾದ ಮೇಲೆ ಆ ಹೂ ನೋಡದೆ ಬಿಡುವುದಿಲ್ಲ ಎಂದು ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡಿದ್ದರು. ಈ ವರ್ಷ ಹರಿಣಿ ನಮ್ಮ ಮೂವರನ್ನೂ ಕರೆದಳು. ಹೊರಟದ್ದು ಇಬ್ಬರು, ಬಸಣ್ಣ ಮತ್ತು ನಾನು.

ಶಾಂತಕ್ಕ ಬಾರದಿರಲು ಕಾರಣ ಅವರ ಕಾಲು ಮುರಿದದ್ದು. ಕಾಲು ಮುರಿಯಲು ಕಾರಣ ನಾನು. ಈ ಎರಡನೆಯ ಸಂಗತಿ ಹೊರಡುವಾಗ ನನಗೊಬ್ಬನಿಗೇ ಗೊತ್ತಿತ್ತು.

ನಮ್ಮೂರ ಹತ್ತಿರ ಒಂದು ಅಬ್ಬಿ ಇದೆ, ಸಣ್ಣ ಜಲಪಾತ. ಅದನ್ನು ನೋಡಿಕೊಳ್ಳಲು ಊರಿನ ಸಮಿತಿಯೊಂದಿದೆ, ನಾನು ಅದರ ಕಾರ್ಯದರ್ಶಿ. ಹೋದ ಮಳೆಗಾಲದಲ್ಲಿ ಅಬ್ಬಿಯ ದಾರಿ ಅರ್ಧದಲ್ಲಿ ಕುಸಿಯಿತು. ಸಮಿತಿ ಸಭೆ ಸೇರಿತು, ಅವಲಕ್ಕಿ ತಿಂದಿತು, ಬೋರ್ಡು ಹಾಕುವುದೆಂದು ಠರಾವು ಮಾಡಿತು. ನಾನು ಶಿರಸಿಯ ಪೇಂಟರಿಗೆ ಫೋನ್ ಹಚ್ಚಿದೆ. ಬಾಯಲ್ಲಿ ಎಲೆಯಡಿಕೆಯ ಕವಳವಿತ್ತು, ಮನೆಮಾತಿನಲ್ಲೇ ಹೇಳಿದೆ: "ಮುಂದೆ ದಾರಿ ಇಲ್ಲೆ ಹೇಳಿ ಬರಿ ಮಾರಾಯ."

ನಮ್ಮ ಮಾತಿನಲ್ಲಿ 'ಇಲ್ಲೆ' ಅಂದರೆ ಇಲ್ಲ. ಉಳಿದ ಕರ್ನಾಟಕಕ್ಕೆಲ್ಲ ಇಲ್ಲೇ ಅಂದರೆ ಇಲ್ಲಿಯೇ. ಪೇಂಟರ್ ಹಾವೇರಿ ಕಡೆಯವ. 'ಮುಂದೆ ದಾರಿ ಇಲ್ಲೇ' ಎಂದು ದೀರ್ಘ ಹಾಕಿ ದಪ್ಪಕ್ಷರದಲ್ಲಿ ಬರೆದ. ಜನರಿಗೆ ಅನುಕೂಲವಾಗಲೆಂದು ಪಕ್ಕದಲ್ಲಿ ಕೆಂಪು ಬಾಣವೊಂದನ್ನು ತನ್ನ ವತಿಯಿಂದ ಸೇರಿಸಿದ. ಬೋರ್ಡು ನೆಟ್ಟವರೆಲ್ಲ ನಮ್ಮ ಮಾತಿನವರೇ, ಯಾರಿಗೂ ತಪ್ಪು ಕಾಣಲಿಲ್ಲ. ಬಾಣ ಯಾಕೆ ಎಂದು ಒಬ್ಬರು ಕೇಳಿದ್ದುಂಟು. ಕುಸಿದದ್ದು ಎಲ್ಲಿ ಎಂದು ತೋರಿಸಲಿಕ್ಕೆ ಎಂದೆ.

ಯುಗಾದಿಯ ಹಿಂದಿನ ವಾರ ಶಾಂತಕ್ಕ ತಂಗಿಯ ಜತೆ ಅಬ್ಬಿಗೆ ಬಂದರು. ಬೋರ್ಡು ಓದಿದರು, ಬಾಣ ತೋರಿಸಿದ ಕಡೆ ನಡೆದರು, ಕುಸಿದಲ್ಲಿ ಜಾರಿದರು. ಸುದ್ದಿ ಕೇಳಿ ಓಡಿಹೋದ ನಾನು ಬೋರ್ಡನ್ನು ಮೊದಲ ಸಲ ಪರವೂರಿನವನ ಕಣ್ಣಿನಿಂದ ಓದಿದೆ. ಮರುದಿನವೇ ಅದನ್ನು ಕಿತ್ತು 'ಮುಂದೆ ದಾರಿ ಇಲ್ಲ' ಎಂದು ಹೊಸದನ್ನು ನಾನೇ ಬರೆದು ನೆಟ್ಟೆ. ಹಳೆಯದನ್ನು ಬಚ್ಚಲ ಕಟ್ಟಿಗೆಯ ಮೇಲೆ ಕವುಚಿ ಹಾಕಿದೆ. ಮೂರು ದಿನ ಬಿಟ್ಟು ಬಸಣ್ಣ ಹೋಗಿ ನೋಡಿದಾಗ ಕಂಡದ್ದು ಹೊಸ ಬೋರ್ಡು.

"ಹೆಗಡೇರೆ, ಬೋರ್ಡ್ ಏನರ ಬದಲಿ ಮಾಡೀರೇನ್ರಿ?" ಎಂದು ಕೇಳಿದ.

"ಇಲ್ಲ" ಎಂದೆ. ಈ ಸಲ ಶುದ್ಧ ಕನ್ನಡದಲ್ಲಿ.

ಸಾಲದ್ದಕ್ಕೆ ಸಮಿತಿಯ ಠರಾವು ಪುಸ್ತಕದಲ್ಲಿ 'ಸೂಚನಾ ಫಲಕ ಸ್ಪಷ್ಟವಾಗಿದ್ದರೂ ಓದದೆ ಮುಂದುವರಿದ ಪ್ರವಾಸಿಯ ಅಜಾಗರೂಕತೆ' ಎಂದು ಸುಂದರವಾಗಿ ಬರೆದಿಟ್ಟೆ. ಜೀವಮಾನವಿಡೀ ಮಕ್ಕಳಿಗೆ ಓದಲು ಕಲಿಸಿದವರು ಪ್ಲಾಸ್ಟರಿನ ಕಾಲು ಚಾಚಿಕೊಂಡು, "ದಾರಿ ಇಲ್ಲೇ ಅಂತ ಬರದಿತ್ರಿ, ಬಾಣಾನೂ ಇತ್ತು" ಎಂದು ನೋಡಬಂದವರಿಗೆಲ್ಲ ಹೇಳುತ್ತಿದ್ದರು. ಹಿಂದೆ ಬಂದ ತಂಗಿ ಬೋರ್ಡು ನೋಡಿರಲಿಲ್ಲ, ಯಾರೂ ನಂಬಲಿಲ್ಲ. ಶಾಲೆಯಲ್ಲಿ ಕಲಿಸಿದ ಅಕ್ಕೋರಿಗೇ ಓದಲಿಕ್ಕೆ ಬರಲಿಲ್ಲವಂತೆ ಎಂದು ಬನವಾಸಿಯ ಅಂಗಡಿಕಟ್ಟೆಗಳಲ್ಲಿ ನಗೆಯಾಯಿತು. ಬಸಣ್ಣ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಕಣ್ಣು ಸರಿಯಿದೆ ಎಂದರು. ಬಸಣ್ಣ ಡಾಕ್ಟರನ್ನೂ ನಂಬಲಿಲ್ಲ.

ಟೋಕಿಯೊ: ಮೂರು ಜೊತೆ ಚಪ್ಪಲಿ

ಹರಿಣಿಯ ಮನೆಯ ಬಾಗಿಲಲ್ಲಿ ಮೂರು ಜೊತೆ ಮೆತ್ತನೆಯ ಚಪ್ಪಲಿಗಳು ಸಾಲಾಗಿ ಕಾಯುತ್ತಿದ್ದವು. ಒಂದು ಚಿಕ್ಕ ಅಳತೆಯದು. ಊಟದ ಮೇಜಿನಲ್ಲೂ ಮೂರು ಬಟ್ಟಲು, ಹಾಸಿಗೆಯೂ ಮೂರು. ಶಾಂತಕ್ಕ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದೆವಲ್ಲ ಎಂದು ನಾನು ಕೇಳಿದರೆ, "ಬಂದ್ರೂ ಬಕ್ಕು ಹೇಳಿ ಇಟ್ಟಿದ್ದೆ ಗಪತಣ್ಣ" ಎಂದಳು. ಬಂದರೂ ಬರಬಹುದು ಎಂಬ ಆಸೆಯಿಂದ ಇಟ್ಟ ಆ ಚಪ್ಪಲಿಯನ್ನು ಮೂರು ದಿನ ದಾಟಿಕೊಂಡು ಓಡಾಡಿದೆ. ಒಮ್ಮೆಯೂ ನೇರವಾಗಿ ನೋಡಲಿಲ್ಲ.

ಆ ದೇಶದಲ್ಲಿ ಪ್ರತಿಯೊಂದನ್ನೂ ಮೊದಲೇ ಹೇಳುತ್ತಾರೆ. ಲಿಫ್ಟು ಬಾಗಿಲು ಹಾಕುತ್ತೇನೆ ಎನ್ನುತ್ತದೆ, ಆಮೇಲೆ ಹಾಕುತ್ತದೆ. ಬಚ್ಚಲ ತೊಟ್ಟಿ ನೀರು ತುಂಬುತ್ತಿದೆ ಎನ್ನುತ್ತದೆ. ನಾಡಿದ್ದು ರಸ್ತೆ ಅಗೆಯುವವರು ಇವತ್ತೇ ಮನೆಮನೆಗೆ ಬಂದು ಸೊಂಟ ಬಗ್ಗಿಸಿ ಕ್ಷಮೆ ಕೇಳಿ ಚೀಟಿ ಕೊಟ್ಟು ಹೋದರು. ನಮ್ಮಲ್ಲಿ ಎಲ್ಲ ತಿರುವುಮುರುವು. ಮೊದಲು ಗುಂಡಿ ಬೀಳುತ್ತದೆ, ಆಮೇಲೆ ಅದರಲ್ಲಿ ನಾವು ಬೀಳುತ್ತೇವೆ, ಕೊನೆಗೆ ಗುಂಡಿಗೆ ಒಂದು ಸೊಪ್ಪಿನ ಟೊಂಗೆ ಚುಚ್ಚುತ್ತಾರೆ. ಯಲ್ಲಾಪುರದಲ್ಲಿ ಒಮ್ಮೆ ಉಮ್ಮಚಗಿಗೆ ಹೋಗಲು ಎರಡು ಗಂಟೆ ಕಾದು, ಬಸ್ಸು ಇಲ್ಲವೆಂದು ಮೊದಲೇ ಹೇಳಬಾರದೇ ಎಂದು ಪಕ್ಕದ ಅಂಗಡಿಯವನನ್ನು ಕೇಳಿದ್ದೆ. ಬರದಿದ್ದರೆ ಗೊತ್ತಾಗುತ್ತದಲ್ಲ, ಅದಕ್ಕೆ ಹೇಳುವುದೇನು ಎಂದಿದ್ದ. ಆಗ ಅವನ ಮಾತಿನಲ್ಲಿ ತಪ್ಪು ಕಾಣಲಿಲ್ಲ.

ಬಸಣ್ಣನಿಗೆ ಕಾಡಿದ್ದು ಹಾರ್ನು. ಮೊದಲ ದಿನ ಸಂಜೆಯವರೆಗೆ ರಸ್ತೆಯ ಬದಿ ನಿಂತು ಕಿವಿಗೊಟ್ಟು ಕೇಳಿ, "ಎಲ್ಲಾ ಗಾಡೀದೂ ಒಮ್ಮೆಲೇ ಕೆಟ್ಟಾವೇನ್ರಿ?" ಎಂದ. ಪಾಯಖಾನೆಗೆಂದು ಬೇರೆ ಇಟ್ಟ ಪ್ಲಾಸ್ಟಿಕ್ ಚಪ್ಪಲಿಯನ್ನು ಮೆಟ್ಟಿಕೊಂಡೇ ಊಟಕ್ಕೆ ಬಂದು ಕುಳಿತ. ಮರುದಿನ ಹರಿಣಿ ಪಾಯಖಾನೆಯ ಬಾಗಿಲಿಗೆ ಜೀಪಿನ ಚಿತ್ರ ಬರೆದು, ಅದರ ಕೆಳಗೆ ಚಪ್ಪಲಿ ಬರೆದು, 'ಪಾರ್ಕಿಂಗ್' ಎಂದು ಬಾಲಬೋಧೆಯ ಅಕ್ಷರದಲ್ಲಿ ಕನ್ನಡದಲ್ಲಿ ಅಂಟಿಸಿದ್ದಳು. ಆ ಅಕ್ಷರ ಶಾಂತಕ್ಕ ಕಲಿಸಿದ್ದು.

ಊಟದ ಹೊತ್ತಿಗೆ ಅವಳು ಕೇಳಿಯೇ ಕೇಳಿದಳು. "ಶಾಂತಕ್ಕ ಹೆಂಗೆ ಬಿತ್ತು?"

"ಬೋರ್ಡ್ ಓದ್ಲಾರ್ದ ಹೋಗ್ಯಾಳವ್ವ" ಎಂದ ಬಸಣ್ಣ. "ಈಗ ಇಲ್ಲದ್ದ ಬಾಣದ ಕತಿ ಹೇಳ್ತಾಳ."

ಹರಿಣಿ ಕಡ್ಡಿಗಳನ್ನು ಕೆಳಗಿಟ್ಟಳು. "ಶಾಂತಕ್ಕ ಓದದ್ದೆ ಹೋಪದಾ? ಅದು ಬೆಲ್ಲ ಸುತ್ತಿದ ಕಾಗದನೂ ಓದ್ತು."

ನಾನು ಸೂಪು ಚೆನ್ನಾಗಿದೆ ಎಂದೆ.

ರೈಲು, ಬಸ್ಸು ಮತ್ತು ಕರಡಿ

ಹೂ ಅರಳುವ ಜೌಗು ಉತ್ತರದ ಬೆಟ್ಟಗಳಲ್ಲಿ. ಹರಿಣಿಗೆ ಒಂದು ದಿನ ಕೆಲಸವಿತ್ತು, ಆದ್ದರಿಂದ ನಾವಿಬ್ಬರೇ ಮೊದಲು ಹೋಗಿ ಬೆಟ್ಟದ ಬುಡದ ವಸತಿಯಲ್ಲಿ ಉಳಿಯುವುದು, ಅವಳು ಮರುದಿನ ಬೆಳಗಿನ ಬಸ್ಸಿಗೆ ಬಂದು ದಾರಿಯ ಬಾಯಲ್ಲಿ ಕೂಡುವುದು ಎಂದಾಯಿತು. ಅಲ್ಲಿಂದ ವಿಡಿಯೊ ಕಾಲ್ ಮಾಡಿ ಶಾಂತಕ್ಕನಿಗೆ ಹೂ ತೋರಿಸುತ್ತೇನೆ ಎಂದು ಬಸಣ್ಣ ಮಾತು ಕೊಟ್ಟು ಬಂದಿದ್ದ. ಕಾಲಿಗೆ ಔಷಧವಿಲ್ಲದಿದ್ದರೂ ಮನಸ್ಸಿಗೆ ಆಗಲಿ ಎಂದು ಅವನ ಲೆಕ್ಕಾಚಾರ.

ವಸತಿಯನ್ನು ಹರಿಣಿ ನನ್ನ ಹೆಸರಿನಲ್ಲಿ ಕಾಯ್ದಿರಿಸಿದ್ದಳು. ಅಂದಿನಿಂದ ನನಗೆ ಇಮೇಲುಗಳು ಬರತೊಡಗಿದವು. 'ಮಾನ್ಯ ಹೆಗಡೆಯವರೇ, ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಹೃದಯಪೂರ್ವಕ ಕ್ಷಮೆ ಕೋರುತ್ತ' ಎಂದು ಇಂಗ್ಲಿಷಿನಲ್ಲಿ ಶುರುವಾಗುತ್ತಿದ್ದವು. ನನ್ನನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸುವವರು ಲಾಟರಿ ಬಂದಿದೆ ಎನ್ನುವ ಮೋಸಗಾರರು ಮಾತ್ರ. ಎರಡನೆಯ ಸಾಲಿಗೆ ಹೋಗದೆ ಅಳಿಸಿದೆ. ಏಳು ಸಲ ಬಂತು, ಏಳು ಸಲ ಅಳಿಸಿದೆ. ಬ್ಯಾಂಕಿನವರು ಕಲಿಸಿದ ಎಚ್ಚರಿಕೆಯನ್ನು ವಿದೇಶದಲ್ಲೂ ಪಾಲಿಸಿದೆನೆಂದು ಹೆಮ್ಮೆಯೂ ಆಯಿತು.

ರೈಲು ನಿಲ್ದಾಣದಲ್ಲಿ ದೊಡ್ಡದೊಂದು ಕರಡಿಯ ಚಿತ್ರವಿತ್ತು. ಪಕ್ಕದಲ್ಲಿ ಮರಿ. ಬಸ್ ನಿಲ್ದಾಣದಲ್ಲೂ ಅದೇ ಕರಡಿ. "ಸರ್ಕಸ್ ಬಂದೈತಿ" ಎಂದ ಬಸಣ್ಣ. ಅಲ್ಲಿನ ಅಧಿಕಾರಿಗೆ ನಮ್ಮ ಟಿಕೆಟ್ ತೋರಿಸಿದೆವು. ಆತ ಗಾಬರಿಯಿಂದ ಏನೋ ಹೇಳಿ, ಎರಡೂ ಮುಂಗೈಗಳನ್ನು ಎದೆಯ ಮುಂದೆ ಕತ್ತರಿಯಂತೆ ಅಡ್ಡಡ್ಡ ಇಟ್ಟು ನಿಂತ.

"ಇವರ ನಮಸ್ಕಾರ ಹಿಂಗೈತಿ ನೋಡ್ರಿ" ಎಂದು ಬಸಣ್ಣ ತಾನೂ ಕೈಗಳನ್ನು ಹಾಗೇ ಕತ್ತರಿ ಮಾಡಿ, "ಶರಣ್ರಿ" ಎಂದ. ನಾನೂ ಮಾಡಿದೆ. ಅಧಿಕಾರಿ ಇನ್ನೊಮ್ಮೆ ಮಾಡಿದ. ನಾವೂ ಇನ್ನೊಮ್ಮೆ ಮಾಡಿದೆವು. ಬಿಟ್ಟು ಬರುವುದೇ ಕಷ್ಟವಾಯಿತು, ಅಷ್ಟು ಸೌಜನ್ಯದ ಮನುಷ್ಯ.

ಬಸ್ಸಿನ ಡ್ರೈವರೂ ಕತ್ತರಿ ಕೈ ತೋರಿಸಿದ. ವಸತಿಯ ಮುದುಕಿಯಂತೂ ಕತ್ತರಿ ಕೈ ಮಾಡಿಕೊಂಡೇ ಬಾಗಿಲಿಗೆ ಬಂದಳು, ನಾವು ಬೆಟ್ಟದ ಕಡೆ ಬೆರಳು ತೋರಿದಾಗಲೆಲ್ಲ ಮಾಡಿದಳು, ಬೆಳಿಗ್ಗೆ ಹೊರಟಾಗ ಅಂಗಳದವರೆಗೆ ಓಡಿಬಂದು ಮಾಡಿದಳು. ಬಸಣ್ಣನ ಕಣ್ಣು ತುಂಬಿತು. "ಎಷ್ಟ್ ಪ್ರೀತಿ ಐತ್ರಿ ಈ ಮಂದೀಗೆ. ಶಾಂತಾ ಬರಬೇಕಿತ್ತು" ಎಂದ. ಅವನು ಹಾಗೆನ್ನುವಾಗಲೆಲ್ಲ ನನಗೆ ಆ ಕೆಂಪು ಬಾಣ ಚುಚ್ಚುತ್ತಿತ್ತು. ಹೇಳಿಬಿಡಲೇ ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ಶಾಂತಕ್ಕ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನೇ ಅವನು ಮುರಿದು ಕೊಟ್ಟ. ತಿಂದೆ.

ಹಗ್ಗದ ಎದುರು

ದಾರಿಯ ಬಾಯಲ್ಲಿ ಆ ಹಗ್ಗ ಇತ್ತು. ಹಗ್ಗದ ನಡುವೆ ಬೋರ್ಡು ತೂಗುತ್ತಿತ್ತು. ಬೋರ್ಡಿನ ಮೇಲೆ ಹೆಲ್ಮೆಟ್ ಹಾಕಿದ ಒಬ್ಬ ಕೆಲಸಗಾರನ ಚಿತ್ರ, ಕಣ್ಣು ಮುಚ್ಚಿ ಸೊಂಟ ಬಗ್ಗಿಸಿ ನಿಂತಿದ್ದಾನೆ. ಪಕ್ಕದಲ್ಲಿ ಕರಡಿ. ಕುರ್ಚಿಯ ಮೇಲೆ ಕುಳಿತ ಕಾವಲಿನ ಮುದುಕ ನಮ್ಮನ್ನು ಕಂಡದ್ದೇ ಎದ್ದು ಬೋರ್ಡಿನವನ ಹಾಗೇ ಬಗ್ಗಿ, ಕೈಗಳನ್ನು ಕತ್ತರಿ ಮಾಡಿದ. ನಾವೂ ಮಾಡಿದೆವು. ಆಚೆ ಹಲಗೆ ಹಾಸಿದ ದಾರಿ ಮರಗಳ ನಡುವೆ ತಿರುಗಿ ಮಾಯವಾಗಿತ್ತು. ಹೂವೊಂದೂ ಕಾಣಲಿಲ್ಲ.

ಅಷ್ಟರಲ್ಲಿ ಬಂದ ಬಸ್ಸಿನಿಂದ ಹರಿಣಿ ಇಳಿದು ಓಡಿಬಂದಳು. "ಮೇಲ್ ಬಂಜಿಲ್ಯ ಗಪತಣ್ಣ? ಕರಡಿ ಮರಿ ಹಾಕಿದ್ದು, ಹೂವಿನ ದಾರಿ ಬಂದ್ ಮಾಡಿದ್ದ. ಆನು ಸ್ಟೇಶನ್ನಲ್ಲಿ ಬೋರ್ಡು ನೋಡಿ ಎಷ್ಟು ಫೋನ್ ಮಾಡಿದಿ!"

ನನ್ನ ಫೋನು ವೈಫೈ ಇಲ್ಲದಲ್ಲಿ ಕಲ್ಲು. ಅಳಿಸಿದ ಏಳು ಇಮೇಲುಗಳ ವಿಷಯ ಹೇಳಬೇಕಾಯಿತು. ಹರಿಣಿಯ ಮನೆಯಲ್ಲಿ ಇದ್ದಾಗಲೇ, ಬೆಟ್ಟಕ್ಕೆ ಹೊರಡುವ ಮೊದಲೇ, ಬರಬೇಡಿ ಎಂದು ಏಳು ಸಲ ಕೈಮುಗಿದು ಕೇಳಿಕೊಂಡವರನ್ನು ನಾನು ಕಳ್ಳರೆಂದುಕೊಂಡಿದ್ದೆ. ಹರಿಣಿ ತಲೆ ಚಚ್ಚಿಕೊಂಡಳು. ಅದನ್ನೂ ಅಮ್ಮನಿಂದ ಕಲಿತದ್ದು.

ಬಸಣ್ಣನಿಗೆ ಚಿಂತೆ ಬೇರೆ. ಶಾಂತಕ್ಕ ಬೆಳಿಗ್ಗೆ ಎದ್ದು ಫೋನ್ ಹಿಡಿದು ಕಾದಿರುತ್ತಾರೆ. ಹರಿಣಿಯ ಫೋನಿನಿಂದ ಕರೆದ. ಬನವಾಸಿಯ ಪಡಸಾಲೆ ಕಂಡಿತು, ಕೋಲು ಕಂಡಿತು, ಶಾಂತಕ್ಕ ತಲೆ ಬಾಚಿ ಹೂ ಮುಡಿದು ಕುಳಿತದ್ದು ಕಂಡಿತು.

"ಎಲ್ಲ್ಯದಾವ್ರಿ ಹೂ?"

"ದಾರಿ ಬಂದ್ ಮಾಡ್ಯಾರ ಶಾಂತಾ. ಬೋರ್ಡ್ ಹಾಕ್ಯಾರ."

"ಬೋರ್ಡ್ ತೋರಸ್ರಿ." ಅವರ ದನಿ ಒಣಗಿತು. ಬೋರ್ಡು ಎಂಬ ಮಾತು ಕೇಳಿದರೆ ಈಗ ಅವರಿಗೆ ಹಾಗಾಗುತ್ತದೆ. "ಏನ್ ಬರದಾರ? ಹರಿಣಿ, ನೀ ಓದಿ ಹೇಳವ್ವ. ನಾ ಓದಿದ್ರ ಯಾರೂ ನಂಬೂದಿಲ್ಲ."

ಹರಿಣಿ ಬೋರ್ಡಿನ ಮುಂದೆ ಶಾಲೆಯ ಹುಡುಗಿಯಂತೆ ನೆಟ್ಟಗೆ ನಿಂತಳು. "ಕರಡಿ ಇದ್ದು. ಕ್ಷಮಿಸಿ. ಮುಂದೆ ದಾರಿ ಇಲ್ಲೆ."

ಶಾಂತಕ್ಕ ಮುಖವನ್ನು ಫೋನಿಗೆ ಹತ್ತಿರ ತಂದರು. ನಾನು ಫೋನಿಗೆ ಕಾಣದಂತೆ ಪಕ್ಕಕ್ಕೆ ಸರಿದೆ.

"ಇನ್ನೊಮ್ಮೆ ಹೇಳು."

"ಮುಂದೆ ದಾರಿ ಇಲ್ಲೆ."

"ಅಂದ್ರ ಐತಿ ಅಂತೀಯೋ, ಇಲ್ಲ ಅಂತೀಯೋ?"

"ಇಲ್ಲೆ, ಇಲ್ಲೆ!" ಎಂದ ಹರಿಣಿ ಒತ್ತಿ ಹೇಳಲು ಕೈಗಳನ್ನು ಎದೆಯ ಮುಂದೆ ಕತ್ತರಿ ಮಾಡಿದಳು. ಬಸಣ್ಣ ಆ ಕೈಗಳನ್ನು ನೋಡಿದ. ಕಾವಲಿನ ಮುದುಕನನ್ನು ನೋಡಿದ. ತನ್ನ ಕೈಗಳನ್ನು ನೋಡಿಕೊಂಡ.

"ಹೆಗಡೇರು ಅದಾರೇನ್ರಿ ಅಲ್ಲೆ?" ಎಂದರು ಶಾಂತಕ್ಕ. "ಫೋನ್ ಅವರ ಕಡೆ ಹಿಡೀರಿ."

ಹಿಡಿದ. ಆ ಮುಖದ ಮುಂದೆ ನಾನು ಶಾಲೆಯ ಮೂರನೆಯ ಇಯತ್ತೆಗೆ ಇಳಿದುಬಿಟ್ಟೆ.

"ನಿಮ್ಮ ಮನ್ಯಾಗ ಇಲ್ಲ ಅನ್ನೂದಕ್ಕ ಏನಂತೀರಿ?"

"ಇಲ್ಲೆ ಅಂತೇವೆ, ಅಕ್ಕೋರೆ."

"ಪೇಂಟರಗ ಹೇಳಿದವರ್ಯಾರು?"

"ನಾನು."

"ಬಾಣ?"

"ಬಾಣ ಅವನೇ ಹಾಕಿದ್ದು. ನೀವು ಬಿದ್ದ ಮರುದಿನ ನಾನೇ ಬೋರ್ಡು ಬದಲಿಸಿದೆ. ನೀವು ಸರಿಯಾಗೇ ಓದಿದ್ದಿರಿ. ತಪ್ಪಾಯಿತು."

ಇಷ್ಟು ಹೇಳುವುದಕ್ಕೆ ನಾನು ಸಮುದ್ರ ದಾಟಿ ಹೋಗಬೇಕಾಯಿತು. ಕಾನಸೂರಿನಿಂದ ಬನವಾಸಿಗೆ ಎಷ್ಟು ಮಹಾ ದೂರ! ನಾಚಿಕೆಯಿಂದ ತಲೆ ತಾನಾಗಿ ಬಗ್ಗಿತು, ಬೋರ್ಡಿನವನು ಬಗ್ಗಿದಷ್ಟೇ. ಪಕ್ಕದಲ್ಲಿ ಸದ್ದಾಯಿತೆಂದು ನೋಡಿದರೆ ಬಸಣ್ಣನೂ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅದಕ್ಕೆ ಬಗ್ಗಿದ್ದಾನೆ. ನನ್ನನ್ನು ಬೈಯುವುದೂ ಅವನಿಗೆ ಮರೆತುಹೋಗಿತ್ತು. ಕಾವಲಿನ ಮುದುಕ ಇದೇನೋ ಪೂಜೆ ಎಂದುಕೊಂಡು ತಾನೂ ಬಗ್ಗಿದ.

ಶಾಂತಕ್ಕ ಅಳುತ್ತಿದ್ದರು. ಕಾಲು ಮುರಿದಾಗ ಅತ್ತಿರಲಿಲ್ಲವಂತೆ, ಆಮೇಲೆ ಬಸಣ್ಣ ಹೇಳಿದ. ಸೆರಗಿನಿಂದ ಮುಖ ಒರೆಸಿಕೊಂಡು ದನಿ ಗಟ್ಟಿ ಮಾಡಿದರು.

ಮುದುಕನ ಹತ್ತಿರ ಹೂವಿನ ಚಿತ್ರದ ಕಾರ್ಡುಗಳಿದ್ದವು. ದಾರಿ ಮುಚ್ಚಿದ್ದಕ್ಕೆ ಪರಿಹಾರವಾಗಿ ಬಂದವರಿಗೆಲ್ಲ ಕೊಡುವುದಂತೆ. ಬಸಣ್ಣ ಒಂದನ್ನು ಫೋನಿಗೆ ತೋರಿಸಹೋದ.

"ತೋರಸಬ್ಯಾಡ್ರಿ" ಎಂದರು ಶಾಂತಕ್ಕ. "ಮುಂದಿನ ವರ್ಷ ನಾನ ಬಂದು ನೋಡ್ತೇನಿ. ನನ್ನ ಕಣ್ಣು ಸರಿ ಅದಾವ."

ಬನವಾಸಿ

ಊರಿಗೆ ಬಂದ ಮೇಲೆ ನಾನು ಮೊದಲು ಮಾಡಿದ್ದು ಸುಲಭದ ಕೆಲಸ. ಮಳೆ ಹಿಡಿಯುವ ಮೊದಲೇ ಅಬ್ಬಿಯ ದಾರಿ ಮುಚ್ಚಿದೆ ಎಂಬ ಸಂದೇಶ ತಯಾರಿಸಿ, ಶಾಂತಕ್ಕನಿಗೆ ಕಳಿಸಿ ತಿದ್ದಿಸಿಕೊಂಡು, ಶಿರಸಿ, ಸೋಂದಾ, ಯಲ್ಲಾಪುರದ ವಾಟ್ಸಾಪ್ ಗುಂಪುಗಳಿಗೂ ಹೋಮ್‌ಸ್ಟೇಗಳಿಗೂ ಹಂಚಿಸಿದೆ. 'ತಮಗಾಗುವ ನಿರಾಸೆಗೆ ಕ್ಷಮೆ ಕೋರುತ್ತ, ದಯವಿಟ್ಟು ಮನೆಯಿಂದಲೇ ಹೊರಡಬೇಡಿ' ಎಂದಿತ್ತು. ಮರುದಿನ ಹುಬ್ಬಳ್ಳಿಯಿಂದ ಎರಡು ಕಾರು ಬಂದವು. ಸಂದೇಶ ಸಿಗಲಿಲ್ಲವೇ ಎಂದೆ.

"ಸಿಕ್ತು ಸರ. ಇಷ್ಟ್ ಮರ್ಯಾದಿಲೆ ಬರದೀರಿ, ಏನೋ ಮುಚ್ಚಿಡಾಕ ಹತ್ಯಾರ ಅಂತ ನೋಡಾಕ ಬಂದ್ವಿ."

ಕೈಗಳನ್ನು ಕತ್ತರಿ ಮಾಡಿ ತೋರಿಸಿದೆ. ಅವರು ನಮಸ್ಕಾರ ಮಾಡಿದರು.

ಇದನ್ನೆಲ್ಲ ಫೋನಿನಲ್ಲಿ ವರದಿ ಒಪ್ಪಿಸಿದಾಗ ಶಾಂತಕ್ಕ, "ಮೆಸೇಜ್ ಚಲೋ ಐತಿ. ನಿಮ್ಮ ಠರಾವ್ ಬುಕ್ ಎಲ್ಲೈತ್ರಿ?" ಎಂದರು.

ಬುಕ್ಕನ್ನೂ, ಬಚ್ಚಲ ಕಟ್ಟಿಗೆಯ ಮೇಲಿಂದ ಎತ್ತಿದ ಹಳೆಯ ಬೋರ್ಡನ್ನೂ ಹೊತ್ತು ಬನವಾಸಿಗೆ ಹೋದೆ. ಬೋರ್ಡನ್ನು ಪಡಸಾಲೆಯ ಗೋಡೆಗೆ ಒರಗಿಸಿ ನಿಲ್ಲಿಸಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಸೀಸದಕಡ್ಡಿ ತಂದು 'ಇಲ್ಲೇ' ಎಂಬುದನ್ನು ಹೊಡೆದುಹಾಕಿ ಮೇಲೆ 'ಇಲ್ಲ' ಎಂದು ತಿದ್ದಿದರು. ಬಾಣಕ್ಕೆ ಸುತ್ತು ಹಾಕಿ ಪ್ರಶ್ನಾರ್ಥಕ ಚಿಹ್ನೆ ಇಟ್ಟರು.

"ದೀರ್ಘ ಪೇಂಟರಂದು. ತಪ್ಪು ನಿಮ್ಮದು. ಕುಂದರ್ರಿ, ಬರೀರಿ."

ಚಾಪೆಯ ಮೇಲೆ ಕುಳಿತು ಅವರು ಹೇಳಿದಂತೆ ಬರೆದೆ. 'ಫಲಕದಲ್ಲಿ ದಾರಿ ಇಲ್ಲೇ ಎಂದೇ ಇತ್ತು. ಶಾಂತಮ್ಮ ಅದನ್ನು ಸರಿಯಾಗಿ ಓದಿದ್ದರು. ಬರೆಸಿದವನು, ಬದಲಿಸಿದವನು, ಸುಳ್ಳು ಹೇಳಿದವನು ಕಾರ್ಯದರ್ಶಿ.' ಕೆಳಗೆ ಸಹಿ ಹಾಕಿದೆ.

"ಜೋರಾಗಿ ಓದ್ರಿ" ಎಂದರು.

ಓದಿದೆ. ಇನ್ನೊಮ್ಮೆ ಎಂದರು. ಮತ್ತೆ ಓದಿದೆ. ಅಂಗಳದಲ್ಲಿ ಜೀಪು ತೊಳೆಯುತ್ತಿದ್ದ ಬಸಣ್ಣ ಬಕೆಟ್ ಇಟ್ಟು ಬಾಗಿಲಿಗೆ ಬಂದು ನಿಂತು, ಒದ್ದೆ ಕೈಯಲ್ಲೇ ಪೂರ್ತಿ ಕೇಳಿಸಿಕೊಳ್ಳುವವರೆಗೂ ಓದಿಸಿದರು.